ಕಂಟ್ರೋಲರ್ ನಿಜಗುಣಪ್ಪನವರ ಬೆಳ್ಳಿ ಕೊಳವೆ

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನಿಲ್ದಾಣದ ಗೋಡೆಗೆ ಬೆನ್ನು ಕೊಟ್ಟು ನಿಂತ ಮೂರನೆಯ ಮನೆ ಕಂಟ್ರೋಲರ್ ನಿಜಗುಣಪ್ಪನವರದು. ಅವರು ಹುಟ್ಟಿದ್ದು ೧೯೪೯ನೆಯ ಇಸವಿ ಏಪ್ರಿಲ್ ೧೯, ಮಂಗಳವಾರ. ೧೯೭೫ರ ಜೂನ್ ೨ರಂದು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿ ಸೇರಿದರು. ೧೯೮೮ರ ಆಗಸ್ಟ್ ೧ರಿಂದ ಇದೇ ನಿಲ್ದಾಣದಲ್ಲಿ ಕಂಟ್ರೋಲರಾಗಿ ಕುಳಿತು, ೨೦೦೭ರ ಏಪ್ರಿಲ್ ೩೦ರ ಸಂಜೆ ಐದೂವರೆಗೆ ಸೀಟಿಯನ್ನೂ ಧ್ವನಿವರ್ಧಕವನ್ನೂ ಮುಂದಿನವರಿಗೆ ಒಪ್ಪಿಸಿ ಮನೆಗೆ ನಡೆದು ಬಂದರು. ಆ ನಡಿಗೆ ಒಟ್ಟು ಇನ್ನೂರ ಹದಿನಾಲ್ಕು ಹೆಜ್ಜೆ. ಅದನ್ನೂ ಅವರು ಎಣಿಸಿದ್ದರು.

ಸಮಯದ ವಿಷಯದಲ್ಲಿ ಅವರು ಯಾರ ಮುಲಾಜೂ ಇಟ್ಟುಕೊಂಡವರಲ್ಲ. ೧೯೯೪ರ ಮೇ ೧೨ರಂದು ಅವರ ಹೆಂಡತಿ ಬಾಯವ್ವನವರೇ ತವರೂರಾದ ದೇಗಾಂವಕ್ಕೆ ಹೊರಟು, ಗಂಟು ಹಿಡಿದು ಏದುಸಿರು ಬಿಡುತ್ತ ನಿಲ್ದಾಣದ ಬಾಗಿಲಲ್ಲಿ ಕಾಣಿಸಿಕೊಂಡರು. ಗಡಿಯಾರದಲ್ಲಿ ಆರು ಗಂಟೆ ಹತ್ತು ನಿಮಿಷವಾಗಿತ್ತು. ನಿಜಗುಣಪ್ಪನವರು ಕಣ್ಣಾರೆ ಕಂಡೂ, ಅವರು ಹತ್ತಬೇಕಿದ್ದ ಕಿತ್ತೂರಿನ ಬಸ್ಸಿಗೆ ಸೀಟಿ ಊದಿಬಿಟ್ಟರು. “ನಿಮ್ಮ ಗಡಿಯಾರಕ್ಕ ಹೆಣ್ತಿ ಇಲ್ರಿ, ನಿಮಗರ ಇದ್ದಾಳಲ್ಲ!” ಎಂದು ಆ ತಾಯಿ ನಿಲ್ದಾಣದ ನಡುವೆಯೇ ಕೂಗಿದ ಮಾತು ಬಹಳ ವರ್ಷ ಊರಿನ ಬಾಯಲ್ಲಿತ್ತು. ಬಾಯವ್ವನವರು ೨೦೧೧ರಲ್ಲಿ ತೀರಿಕೊಂಡರು. ಕಂಟ್ರೋಲರ್ ಒಮ್ಮೆ ಹೇಳಿದರೆ ಮುಗಿಯಿತು, ಹಿಂದೆ ತೆಗೆಯುವ ಪೈಕಿಯಲ್ಲ ಎಂಬ ಹೆಸರು ಮಾತ್ರ ಉಳಿದುಕೊಂಡಿತು. ಆ ಹೆಸರಿನ ಮೇಲೆ ಅವರಿಗೂ ಒಳಗೊಳಗೇ ಹೆಮ್ಮೆಯಿತ್ತು.

ಅದೇ ಹೆಸರು ಮುಂದೆ ಅವರ ಕುತ್ತಿಗೆಗೆ ಬಂದಿತು. ೨೦೧೬ರ ಸೆಪ್ಟೆಂಬರ್ ೩ರ ಶನಿವಾರ ಅವರ ಅಣ್ಣ ರಾಯಪ್ಪನವರು ಕೊನೆಯುಸಿರೆಳೆಯುತ್ತಿದ್ದರು. ಬಂಧುಗಳು ಸಾಲುಗಟ್ಟಿ ಒಬ್ಬೊಬ್ಬರಾಗಿ ಚಮಚದಿಂದ ಬಾಯಿಗೆ ನೀರು ಬಿಡುತ್ತಿದ್ದರು. ಅದು ಒಳಗಿಳಿಯದೆ ಕತ್ತಿನ ಮೇಲೆ ಹರಿಯುತ್ತಿತ್ತು. ಅಣ್ಣ ಉಸಿರು ಸಿಕ್ಕಿಕೊಂಡು ಒದ್ದಾಡುವುದನ್ನು ನೋಡಲಾರದೆ ನಿಜಗುಣಪ್ಪನವರು ಎದ್ದು ನಿಂತು, ನಲವತ್ತು ಜನರ ಎದುರು ಗುಡುಗಿದರು: “ನನ್ನ ಕಾಲಕ್ಕ ಹಿಂಗ ಚಮಚದ್ಲೆ ನೀರು ಹಾಕಬ್ಯಾಡ್ರಿ! ನನ್ನ ದಿನಾ ಬಂತಂದ್ರ ನಾನಾ ಅನ್ನಾ ನೀರು ಬಿಡತೇನಿ. ಯಾರೂ ನಡುವ ಬರೋದು ಬ್ಯಾಡ.” ಅದು ಸಿಟ್ಟಿನಲ್ಲಿ ಬಂದ ಮಾತು. ಆಡಿದವರು ಮೂರನೆಯ ದಿನಕ್ಕೆ ಮರೆತರು, ಕೇಳಿದವರು ಮರೆಯಲಿಲ್ಲ.

ಆ ಮನೆಯ ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು. ನೀರನ್ನು ಎತ್ತಿ ಕುಡಿಯಬೇಕು, ತಂಬಿಗೆಗಾಗಲಿ ಲೋಟಕ್ಕಾಗಲಿ ತುಟಿ ತಾಗಬಾರದು. ಒಬ್ಬರ ತುಟಿ ತಾಗಿದ್ದು ಇನ್ನೊಬ್ಬರಿಗೆ ಎಂಜಲು. ಈ ರೂಢಿ ಓಣಿಯ ಎಲ್ಲ ಮನೆಗಳಲ್ಲಿಯೂ ಇತ್ತು, ಆದರೆ ನಿಜಗುಣಪ್ಪನವರಷ್ಟು ಕಟ್ಟುನಿಟ್ಟಾಗಿ ನಡೆಸಿದವರು ಬೇರೊಬ್ಬರಿಲ್ಲ. ೧೯೮೫ರಲ್ಲಿ, ಒಂಬತ್ತು ವರ್ಷದ ಮಗ ಸಿದ್ಧಾರೂಢ ಆಟದಿಂದ ದಣಿದು ಬಂದು ತಂಬಿಗೆಗೆ ಬಾಯಿ ಹಚ್ಚಿದನೆಂದು, ಆ ತಂಬಿಗೆಯನ್ನು ಅವನಿಂದಲೇ ಬೂದಿ ಹಚ್ಚಿ ಮೂರು ಸಲ ಬೆಳಗಿಸಿದ್ದರು. ಅವನ ನೀರಡಿಕೆ ಅಲ್ಲಿಯವರೆಗೆ ಕಾಯಬೇಕಾಯಿತು.

೨೦೨೨ರ ನವೆಂಬರ್ ೧೪ರ ಸೋಮವಾರ ಬೆಳಿಗ್ಗೆ ನಿಜಗುಣಪ್ಪನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಬಲಗೆನ್ನೆ ಬಿದ್ದುಹೋದವು. ಮಾತು ಪೂರ್ತಿ ನಿಂತಿತು. ಬೇರೆಯವರ ಮಾತು ತಿಳಿಯುತ್ತಿತ್ತು, ಗಡಿಯಾರ ತಿಳಿಯುತ್ತಿತ್ತು, ಅಕ್ಷರ ಮಾತ್ರ ಕೈಗೆ ಬರುತ್ತಿರಲಿಲ್ಲ. ಎಡಗೈಗೆ ಪಾಟಿ ಬಳಪ ಕೊಟ್ಟರೆ ಸೊನ್ನೆಯ ಮೇಲೆ ಸೊನ್ನೆ ಸುತ್ತಿಕೊಳ್ಳುತ್ತ ಹೋಗುತ್ತಿತ್ತು. ಧಾರವಾಡದ ವೈದ್ಯರು ಮನೆಯವರಿಗೆ ಎರಡು ಮಾತು ಹೇಳಿದರು. ಚಮಚದಿಂದ ಬಾಯಿಗೆ ಸುರಿಯಬಾರದು, ಸುರಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಆನಿಸಿ ಕೂರಿಸಿ, ಗದ್ದ ತಗ್ಗಿಸಿ, ಬಾಯಿಯ ಎಡಭಾಗದಲ್ಲಿ ಸ್ಟ್ರಾ ಇಟ್ಟು, ತಾವಾಗಿಯೇ ಗುಟುಕು ಗುಟುಕಾಗಿ ಹೀರಲು ಬಿಡಬೇಕು.

ಕಾಗದದ ಸ್ಟ್ರಾ ಹಾಲಿನಲ್ಲಿ ನೆನೆದು ಮುದ್ದೆಯಾಗುತ್ತಿತ್ತು. ೨೦೨೩ರ ಫೆಬ್ರವರಿ ೪ರಂದು ಸಿದ್ಧಾರೂಢ ನಾಲ್ಕು ಸ್ಟೀಲಿನ ಸ್ಟ್ರಾಗಳೂ ಅವುಗಳ ಒಳಗೆ ಹೋಗುವಂಥ ತೆಳ್ಳನೆಯ ಬ್ರಷ್ಷೂ ಇದ್ದ ಪಾಕೀಟು ತಂದನು. ತುಟಿ ತಾಗುವುದಕ್ಕೆಂದೇ ಹುಟ್ಟಿದ ಆ ವಸ್ತುವನ್ನು ಮೊದಲ ದಿನ ಬಾಯಿಗೆ ತೆಗೆದುಕೊಳ್ಳುವಾಗ ನಿಜಗುಣಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು. ಮನೆಯವರು ಆ ನಾಲ್ಕನ್ನೂ ಬೇರೆಯೇ ಲೋಟದಲ್ಲಿ, ಬೇರೆಯೇ ಗೂಡಿನಲ್ಲಿ ಇಟ್ಟರು. ಹೊರಗಿನಿಂದ ಮೇಲ್ಮೇಲೆ ನೀರು ಹನಿಸಿ ಇಡುತ್ತಿದ್ದರು, ಅಷ್ಟೇ. ಒಳಗೆ ಹಾಲಿನ ಪದರು ಕಟ್ಟಿ ಹುಳಿತದ್ದು ಯಾರಿಗೂ ತಿಳಿಯಲಿಲ್ಲ. ಮಾರ್ಚ್ ೧೧ರಿಂದ ನಾಲ್ಕು ದಿನ ಅವರಿಗೆ ಜ್ವರ, ಭೇದಿ. ಆ ಬಳಿಕ ಕೊಳವೆಗಳ ಉಸ್ತುವಾರಿ ರಾಯವ್ವನ ಪಾಲಿಗೆ ಬಂದಿತು.

ರಾಯವ್ವ ದೊಡವಾಡದವಳು, ಈಗ ಬೈಲಹೊಂಗಲದಲ್ಲೇ ವಾಸ. ಐವತ್ತು ದಾಟಿದ ವಿಧವೆ. ನಿಜಗುಣಪ್ಪನವರ ಆರೈಕೆಗೆಂದು ಬೆಳಿಗ್ಗೆ ಆರಕ್ಕೆ ಬಂದು ಸಂಜೆ ಏಳಕ್ಕೆ ಹೋಗುವವಳು. ಓದು ಬರಹವಿಲ್ಲದಿದ್ದರೂ ಅವಳ ಕೆಲಸದಲ್ಲೊಂದು ಕ್ರಮವಿತ್ತು, ಮತ್ತು ಆ ಕ್ರಮ ಒಂದು ದಿನವೂ ತಪ್ಪುತ್ತಿರಲಿಲ್ಲ. ಕುಡಿದು ಮುಗಿದ ಕೂಡಲೇ ಕೊಳವೆಗೆ ತಣ್ಣೀರು ಹಾಯಿಸುವಳು. ಆಮೇಲೆ ಉಗುರುಬೆಚ್ಚಗಿನ ಸಾಬೂನಿನ ನೀರು, ಬ್ರಷ್ಷು ಎರಡೂ ತುದಿಯಿಂದ. ಸೋಮವಾರ ಸೋಮವಾರ ಅಡುಗೆಸೋಡಾ ಹಾಕಿದ ನೀರಿನಲ್ಲಿ ನಾಲ್ಕನ್ನೂ ಹತ್ತು ನಿಮಿಷ ಕುದಿಸುವಳು, ಜೊತೆಗೆ ಬ್ರಷ್ಷನ್ನೂ ತೊಳೆದು ಬಿಸಿಲಿಗೆ ಇಡುವಳು. ಒಣಗಿಸುವಾಗ ಮಲಗಿಸುತ್ತಿರಲಿಲ್ಲ, ಲೋಟದಲ್ಲಿ ನಿಲ್ಲಿಸುತ್ತಿದ್ದಳು. ಕೊನೆಗೆ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುವಳು. “ದಾರಿ ಸ್ವಚ್ಛ ಐತ್ರಿ ಸಾಹೇಬ್ರ, ಗಾಡಿ ಬಿಡ್ರಿ,” ಎನ್ನುವಳು. ಆ ಮಾತಿಗೆ ನಿಜಗುಣಪ್ಪನವರ ಎಡಗೆನ್ನೆ ಸ್ವಲ್ಪ ಅರಳುತ್ತಿತ್ತು. ಮಂಚದ ಎದುರಿಗೇ ಅಡುಗೆಮನೆಯ ಬಾಗಿಲು. ಹದಿಮೂರು ತಿಂಗಳು ಅವರು ಈ ಕೆಲಸವನ್ನು ದಿನಕ್ಕೆ ಐದು ಸಲ ನೋಡಿದ್ದರು. ತಮ್ಮ ಪ್ರಾಣ ಆ ಬೆರಳಗಲದ ದಾರಿಯಲ್ಲಿ ಓಡಾಡುತ್ತಿದೆಯೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರು?

೨೦೨೪ರ ಏಪ್ರಿಲ್ ೧೮, ಗುರುವಾರ. ದೊಡವಾಡದಲ್ಲಿ ತಮ್ಮನ ಮಗಳ ಮದುವೆಯೆಂದು ರಾಯವ್ವ ಹೊರಟು ನಿಂತಳು. ಸೊಸೆ ಶೈಲಜಾಳನ್ನು ಕರೆದು ಎಲ್ಲವನ್ನೂ ಒಪ್ಪಿಸಿದಳು.

“ಅಕ್ಕಾರ, ಹಾಲು ಕುಡದ ಕೊಳವಿಗೆ ಮೊದಲ ತಣ್ಣೀರು ಹಾಕ್ರಿ. ಮೊದಲಾ ಬಿಸಿನೀರು ಹಾಕಿದ್ರ ಹಾಲು ಒಳಗ ಹಿಡಕೊಂಡ ಕುಂದ್ರತೈತಿ. ಕಡೀಕ ಬೆಳಕಿಗೆ ಹಿಡೀರಿ. ಕಿಡಕಿ ದುಂಡಗ ಕಾಣಬೇಕು. ಕಾಣಲಿಲ್ಲಂದ್ರ ಕುಡಸಬ್ಯಾಡ್ರಿ.”

“ಆತು ತಗೋ ರಾಯವ್ವ. ಮೂರ ದಿನದಾಗ ನಾ ಏನ ಮರತ ಬಿಡತೇನಿ?”

ರಾಯವ್ವ ಮಂಚದ ಹತ್ತಿರ ಬಂದಳು. “ಸಾಹೇಬ್ರ, ಐತವಾರ ಹತ್ತೂ ಇಪ್ಪತ್ತರ ಬಸ್ಸಿಗೆ ಬಂದಬಿಡತೇನಿ. ಹೆಣ್ತಿನ್ನ ಬಿಟ್ಟಂಗ ನನ್ನ ಬಿಟ್ಟು ಬಸ್ ಹೊಂಡಿಸಬ್ಯಾಡ್ರಿ ಮತ್ತ!” ಎಂದು ನಗುತ್ತ ಹೋದಳು.

ಮರುದಿನ ಶುಕ್ರವಾರ ನಿಜಗುಣಪ್ಪನವರಿಗೆ ಎಪ್ಪತ್ತೈದು ತುಂಬಿತು. ಮಗಳು ವಿಜಯ ಕೊಟ್ಟ ಮನೆಯಾದ ರಾಮದುರ್ಗದಿಂದ ಬಂದಳು. ಅಲ್ಲಿಯ ಅಕ್ಕಸಾಲಿಗರ ಕೈಯಲ್ಲಿ ಮಾಡಿಸಿದ ಬೆಳ್ಳಿಯ ಕೊಳವೆಯೊಂದನ್ನು ತಂದಿದ್ದಳು. ತಂದೆ ಕತ್ತು ಚಾಚುವ ಕಷ್ಟ ತಪ್ಪಲೆಂದು ಅದನ್ನು ನಡುವೆ ಮೊಣಕೈಯ ಹಾಗೆ ಬಾಗಿಸಲಾಗಿತ್ತು. ಮೇಲೆ ಸಣ್ಣ ಬಳ್ಳಿಯ ಕೆತ್ತನೆ.

“ಬಸ್ ಸ್ಟ್ಯಾಂಡಿನ ರಾಜಾ ಇದ್ದಾವರು ನಮ್ಮಪ್ಪ, ಸ್ಟೀಲಿನ ಕಡ್ಡ್ಯಾಗ ಕುಡೀತಾರೇನು ವೈನಿ? ಬೆಳ್ಳಿ ಅಂದ್ರ ಮಡಿ,” ಎಂದು ವಿಜಯ ಅತ್ತಿಗೆಗೆ ಹೇಳಿ, ನಾಲ್ಕು ಸ್ಟೀಲ್ ಕೊಳವೆಗಳನ್ನೂ ಬ್ರಷ್ಷನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಳು. ಅಂದು ಬೆಳ್ಳಿಯ ಕೊಳವೆಯಲ್ಲಿ ಹಾಲು, ನೀರು, ಬೆಳ್ಳುಳ್ಳಿ ಒಗ್ಗರಣೆಯ ಮಜ್ಜಿಗೆ ಎಲ್ಲವೂ ಸರಾಗವಾಗಿ ಬಂದವು. ಮಗಳ ಪ್ರೀತಿಗೆ ನಿಜಗುಣಪ್ಪನವರ ಕಣ್ಣು ಒದ್ದೆಯಾಯಿತು.

ಸಂಜೆಯ ಹೊತ್ತಿಗೆ ಬೆಳ್ಳಿ ಸ್ವಲ್ಪ ಮಸುಕಾಗಿತ್ತು. ನಾಳೆ ನೋಡಲು ಬರುವವರ ಮುಂದೆ ಫಳಫಳ ಹೊಳೆಯಲೆಂದು ಶೈಲಜಾ ವಿಭೂತಿಯ ಗಟ್ಟಿಯನ್ನು ಪುಡಿಮಾಡಿ, ಒದ್ದೆ ಬೆರಳಿನಿಂದ ತಿಕ್ಕಿದಳು. ದೇವರ ಮನೆಯ ಬೆಳ್ಳಿಗೆಲ್ಲ ಆ ಭಾಗದಲ್ಲಿ ವಿಭೂತಿಯೇ ಮದ್ದು. ಹೊರಗೆ ಕೊಳವೆ ಕನ್ನಡಿಯಂತಾಯಿತು. ಒಳಗನ್ನು ಬೆಳಗಲು ಬ್ರಷ್ಷು ಕೈಗೆ ಸಿಗಲಿಲ್ಲ. ಅವಳು ದೀಪದ ಹತ್ತಿಬತ್ತಿಯನ್ನು ವಿಭೂತಿಯಲ್ಲಿ ಹೊರಳಿಸಿ, ಉರಿದುಳಿದ ಊದಿನಕಡ್ಡಿಯಿಂದ ಒಳಗೆ ದೂಡಿದಳು. ಬತ್ತಿ ಕೊಳವೆ ಬಾಗಿದಲ್ಲಿ ನಿಂತಿತು. ಅದನ್ನು ದೂಡಲು ಇನ್ನೊಂದು ಬತ್ತಿಯನ್ನು ತುರುಕಿದಳು. ಆಚೆಯ ತುದಿಯಿಂದ ಒಂದು ಬತ್ತಿ ಹೊರಬಿತ್ತು. ಶೈಲಜಾ ಸಮಾಧಾನದಿಂದ ಕೊಳವೆಯ ಮೇಲೆ ನೀರು ಸುರಿದು ಒರೆಸಿಟ್ಟಳು. ಬೆಳಕಿಗೆ ಹಿಡಿದಳು, ಆದರೆ ಬಾಗಿದ ಕೊಳವೆಯಲ್ಲಿ ಕಿಟಕಿ ಕಾಣುವುದಾದರೂ ಹೇಗೆ? ಬಾಯಿ ಹಚ್ಚಿ ನೋಡುವುದಂತೂ ಆ ಮನೆಯಲ್ಲಿ ಹುಟ್ಟದ ಯೋಚನೆ.

ನಿಜಗುಣಪ್ಪನವರು ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದರು. ಹದಿಮೂರು ವರ್ಷ ಕಂಡಕ್ಟರಾಗಿ ಹತ್ತಿದವರನ್ನೂ ಇಳಿದವರನ್ನೂ ಎಣಿಸಿದ ಕಣ್ಣು ಅದು. ಹತ್ತಿದ್ದು ಎರಡು, ಇಳಿದದ್ದು ಒಂದು. ಅವರು ಎಡಗೈ ಎತ್ತಿ, ಎರಡು ಬೆರಳು ತೋರಿಸಿ, ಒಂದನ್ನು ಮಡಚಿ, ಗಂಟಲಿನಿಂದ ಆದಷ್ಟೂ ಸದ್ದು ಮಾಡಿದರು.

“ಹಾಲು ಕುಡದ ಎರಡ ತಾಸಾತೇನ್ರಿ ಮಾವಾರ? ಇಲ್ಲ, ಒಂದಾ ತಾಸಾತು,” ಎಂದು ಶೈಲಜಾ ಹೊದಿಕೆ ಸರಿಪಡಿಸಿ ಹೋದಳು.

ಶನಿವಾರ, ಏಪ್ರಿಲ್ ೨೦, ಬೆಳಿಗ್ಗೆ ಆರೂ ಕಾಲು. ಹಾಲಿನ ಲೋಟದಲ್ಲಿ ಬೆಳ್ಳಿಯ ಕೊಳವೆ ಹೊಳೆಯುತ್ತಿತ್ತು. ನಿಜಗುಣಪ್ಪನವರು ಗದ್ದ ತಗ್ಗಿಸಿ, ಎಡತುಟಿಯಲ್ಲಿ ಹಿಡಿದು, ಹೀರಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಹೀರಿದರು. ಎಡಗೆನ್ನೆ ಗುಳಿಬಿತ್ತು, ಕಣ್ಣಿನ ಮುಂದೆ ಚುಕ್ಕೆಗಳು ಹಾರಿದವು, ನಾಲಗೆಗೆ ಒಂದಿಷ್ಟು ವಿಭೂತಿಯ ಒಣ ರುಚಿ ಮಾತ್ರ ತಾಗಿತು. ಅವರು ಕೊಳವೆಯನ್ನು ಹೊರಗೆ ತಳ್ಳಿದರು.

“ಯಾಕ ಅಪ್ಪಾ, ಹಸಿವಿಲ್ಲೇನು?” ಎಂದಳು ವಿಜಯ. ಎಂಟಕ್ಕೆ ನೀರು ಕೊಟ್ಟರು. ಅವರು ಹೀರಿದರು, ತಳ್ಳಿದರು. ಹತ್ತಕ್ಕೆ ಮಜ್ಜಿಗೆ ಬಂದಾಗ ಎಡಗೈಯಿಂದ ಕೊಳವೆಯನ್ನೇ ಕಿತ್ತು ಗೋಡೆಯತ್ತ ತೋರಿಸಿದರು. ಅವರು ತೋರಿಸಿದ್ದು ಅಟ್ಟವನ್ನು. ಅಟ್ಟದ ಕೆಳಗೆ ತೂಗುಹಾಕಿದ್ದು ಬಾಯವ್ವನವರ ಫೋಟೊ. ವಿಜಯ ಫೋಟೊ ನೋಡಿದಳು, ತಂದೆಯ ಮುಖ ನೋಡಿದಳು. ಲೋಟ ಅವಳ ಕೈಯಲ್ಲೇ ಉಳಿಯಿತು.

“ವೈನಿ, ಅವ್ವನ ಕಡೆ ಹೊಕ್ಕೇನಿ ಅನ್ನಾಕತ್ತಾರ.”

ಅಲ್ಲಿಂದ ಮುಂದಿನದೆಲ್ಲ ಇಳಿಜಾರಿನಲ್ಲಿ ಬ್ರೇಕ್ ಹೋದ ಗಾಡಿಯಂತೆ ಸಾಗಿತು. ಪಕ್ಕದ ಮನೆಯ ಶಂಕರೆಪ್ಪ ಓಣಿಯ ಭಜನಾ ಮೇಳದ ಹಿರಿಯ. ೨೦೧೬ರಲ್ಲಿ ರಾಯಪ್ಪನವರ ಮಂಚದ ಬಳಿ ನಿಂತಿದ್ದವರಲ್ಲಿ ಒಬ್ಬ. ಸುದ್ದಿ ಕೇಳಿ ಬಂದವನು ನಿಜಗುಣಪ್ಪನವರ ಕಾಲು ಮುಟ್ಟಿ ನಮಸ್ಕರಿಸಿದನು.

“ಎಪ್ಪತ್ತೈದು ತುಂಬಿದ ಮರುದಿನಾನ! ಒಂದ ದಿನಾ ಹೆಚ್ಚಿಲ್ಲ, ಒಂದ ದಿನಾ ಕಡಿಮಿಲ್ಲ. ಕಂಟ್ರೋಲರ್ರ ಟಾಯಮು ಅಂದ್ರ ಟಾಯಮು ನೋಡ್ರಿ,” ಎಂದನು. ಅವನ ದನಿಯಲ್ಲಿ ನಿಜವಾದ ಭಕ್ತಿಯಿತ್ತು.

ಸಿದ್ಧಾರೂಢ ತಂದೆಯ ಪಕ್ಕದಲ್ಲಿ ಕುಳಿತು ಬಾಡಿದ ಮುಖದಿಂದ ಕೇಳಿದನು: “ಧಾರವಾಡಕ್ಕರ ಒಯ್ಯೋಣಲ್ರಿ ಕಾಕಾ? ಒಂದು ಸಲೈನ್ ಹಚ್ಚಿಸಿದ್ರ…”

“ಅವರು ಏನ ಹೇಳಿದ್ರು, ನೀನೂ ಕೇಳೀದಿಲ್ಲೋ? ಯಾರೂ ನಡುವ ಬರೋದು ಬ್ಯಾಡ ಅಂದ್ರು. ಜನಮದಾಗ ಒಂದ ಮಾತು ಹಿಂದ ತಗದಾವರಲ್ಲ. ಕಡೀ ಮಾತು ನೀ ಸೂಜಿ ಚುಚ್ಚಿ ಕೆಡಸ್ತೀಯೇನು ತಮ್ಮಾ?”

ಸಿದ್ಧಾರೂಢ ತಲೆ ತಗ್ಗಿಸಿದನು. “ಮಠದ ಸ್ವಾಮಾರ ಇವತ್ತಿಲ್ಲಂತ. ಅವರು ಬಂದು ನೋಡಿ ಹೇಳಲಿ. ಸೋಮವಾರ ಮುಂಜಾನೆ ಎಂಟಕ್ಕ ಬರತಾರಂತ, ಆಮ್ಯಾಲ ನೋಡೋಣಂತ,” ಎಂದನು.

ಸೋಮವಾರ! ನಿಜಗುಣಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಶುಕ್ರವಾರ ಸಂಜೆ ಆರರಿಂದ ಸೋಮವಾರ ಬೆಳಿಗ್ಗೆ ಎಂಟರವರೆಗೆ ಅರವತ್ತೆರಡು ಗಂಟೆ. ಹೊರಗೆ ಸುಡುವ ಬಿಸಿಲು. ನಾಲಗೆ ಆಗಲೇ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಅರವತ್ತೆರಡು ಗಂಟೆ ಈ ದೇಹ ತಡೆಯದು. ನಾನು ಸಾಯಲು ಹೊರಟಿಲ್ಲ, ಕುಡಿಯಲು ಹೊರಟಿದ್ದೇನೆ ಎಂದು ಕೂಗಬೇಕೆನಿಸಿತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ನೂರಾರು ಊರುಗಳ ಹೆಸರನ್ನು ನಿಲ್ದಾಣ ನಡುಗುವಂತೆ ಕೂಗಿದ ಗಂಟಲಿನಿಂದ ಗೊರಗೊರ ಸದ್ದೊಂದು ಬಂದಿತು. ವಿಜಯ ಅದನ್ನು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಮಧ್ಯಾಹ್ನ ಶೈಲಜಾಳಿಗೆ ತಡೆಯಲಾಗಲಿಲ್ಲ. ವೈದ್ಯರ ಮಾತು ನೆನಪಿದ್ದರೂ ಒಂದು ಚಮಚ ನೀರು ತಂದು ತುಟಿಗೆ ಹಿಡಿದಳು. ಅರ್ಧ ನೀರು ಬಲಗೆನ್ನೆಯ ಮೇಲೆ ಹರಿಯಿತು, ಇನ್ನರ್ಧ ತಪ್ಪು ದಾರಿ ಹಿಡಿಯಿತು. ಅವರು ಕೆಮ್ಮಿ ಕೆಮ್ಮಿ ನೀಲಿಗಟ್ಟಿದರು. ಎರಡನೆಯ ಚಮಚ ಬರುವುದನ್ನು ಕಂಡು ಹಲ್ಲು ಕಚ್ಚಿದರು. ಅಣ್ಣನ ಕತ್ತಿನ ಮೇಲೆ ಹರಿದ ನೀರು ಕಣ್ಣ ಮುಂದೆ ಬಂದಿತ್ತು. ಒಪ್ಪಿದರೆ ಉಸಿರುಗಟ್ಟಿ ಸಾವು, ಒಪ್ಪದಿದ್ದರೆ ನೀರಡಿಸಿ ಸಾವು. ಬಾಗಿಲಲ್ಲಿ ನಿಂತಿದ್ದ ಶಂಕರೆಪ್ಪ ಕೈಮುಗಿದನು. “ಚಮಚದ್ಲೆ ಹಾಕಬ್ಯಾಡ್ರಿ ಅಂದಿದ್ರು. ನೋಡ್ರಿ, ಅಕ್ಷರಶಃ!”

ಸಂಜೆ ಮೇಳ ಬಂದು ಪಡಸಾಲೆಯಲ್ಲಿ ಕುಳಿತಿತು. ನಿಜಗುಣಪ್ಪನವರಿಗೆ ಒಂದು ಉಪಾಯ ಹೊಳೆಯಿತು. ಸೀಟಿಯಲ್ಲಿ ಕಸ ಸಿಕ್ಕಿದರೆ ಕಂಡಕ್ಟರುಗಳು ಅದನ್ನು ಬಸ್ಸಿನ ಕಂಬಿಗೆ ಬಡಿದು ಉದುರಿಸುತ್ತಿದ್ದರು. ಅವರು ತಟ್ಟೆಯಲ್ಲಿದ್ದ ಬೆಳ್ಳಿಯ ಕೊಳವೆಯನ್ನು ಎಡಗೈಯಿಂದ ಎತ್ತಿಕೊಂಡು ಮಂಚದ ಕಬ್ಬಿಣದ ಪಟ್ಟಿಗೆ ಬಡಿಯತೊಡಗಿದರು. ಟಣ್, ಟಣ್, ಟಣ್. ಒಳಗಿನ ಬತ್ತಿ ಮಿಸುಕಲಿಲ್ಲ. ಹಾರ್ಮೋನಿಯಂ ಮಾತ್ರ ಒಂದು ಕ್ಷಣ ನಿಂತು, ಅದೇ ಲಯಕ್ಕೆ ಮತ್ತೆ ಶುರುವಾಯಿತು.

“ತಾಳಾ ಹಾಕಾಕತ್ತಾರ್ರೀ!” ಎಂದು ಶಂಕರೆಪ್ಪ ಗದ್ಗದಿತನಾದನು. ಅವರು ಬಡಿದಷ್ಟೂ ಮೇಳ ರಂಗೇರಿತು. ಅವರು ಸೋತು ಕೈಬಿಟ್ಟಾಗ ಹಾಡು ಮುಗಿಯಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಪಾದಕ್ಕೆ ಹಣೆ ಹಚ್ಚಿದರು. ಕೊಳವೆಯನ್ನು ಹಿಡಿದು ನೋಡಲು ಯಾರಿಗೂ ತೋಚಲಿಲ್ಲ, ಪಾದವನ್ನು ಮಾತ್ರ ಎಲ್ಲರೂ ಹಿಡಿದರು.

ಭಾನುವಾರ, ಏಪ್ರಿಲ್ ೨೧. ಬೆಳಗಾಗುವ ಹೊತ್ತಿಗೆ ನಿಜಗುಣಪ್ಪನವರ ತುಟಿ ಸೀಳಿತ್ತು, ಕಣ್ಣು ಒಳಸೇರಿತ್ತು. ಉಳಿದದ್ದು ಕಿವಿಯೊಂದೇ. ಅವರು ಅದನ್ನು ಗೋಡೆಯಾಚೆಯ ನಿಲ್ದಾಣಕ್ಕೆ ಕೊಟ್ಟು ಮಲಗಿದರು. ಆರೂ ಹತ್ತಕ್ಕೆ ಕಿತ್ತೂರು. ಏಳಕ್ಕೆ ಸವದತ್ತಿ. ಎಂಟೂ ನಲವತ್ತಕ್ಕೆ ಬೆಳಗಾವಿ, ಆರು ನಿಮಿಷ ತಡ. ಅಂಗಳದಲ್ಲಿ ಜಮಖಾನೆ ಹಾಸುವ ಸದ್ದಾಯಿತು. ಯಾರೋ ಹೂವಿನ ಹಾರದ ಮಾತು ತೆಗೆದರು, ಇನ್ನಾರೋ ತಗ್ಗಿದ ದನಿಯಲ್ಲಿ ಅವರನ್ನು ಗದರಿಸಿದರು. ಹತ್ತಾಯಿತು. ಹತ್ತೂ ಇಪ್ಪತ್ತಾಯಿತು. ಬಸ್ಸು ಬರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಿಜಗುಣಪ್ಪನವರು ತಡವಾದ ಬಸ್ಸೊಂದನ್ನು ಬೈಯದೆ ಬೇಡಿಕೊಂಡರು.

ಹತ್ತೂ ಮೂವತ್ತೇಳಕ್ಕೆ ಧ್ವನಿವರ್ಧಕ ಕೆಮ್ಮಿತು: ಧಾರವಾಡದಿಂದ ದೊಡವಾಡ ಮಾರ್ಗವಾಗಿ ಬಂದ ಬಸ್ಸು ಮೂರನೆಯ ಅಂಕಣದಲ್ಲಿ ನಿಂತಿದೆ. ಅವರು ಹೆಜ್ಜೆ ಎಣಿಸಲು ತೊಡಗಿದರು. ಒಂದು, ಎರಡು, ಮೂರು… ರಾಯವ್ವನದು ಗಿಡ್ಡ ಹೆಜ್ಜೆ, ಮುನ್ನೂರಾದರೂ ಬೇಕು. ಇನ್ನೂರ ತೊಂಬತ್ತೊಂದಕ್ಕೆ ಬಾಗಿಲಲ್ಲಿ ಅವಳ ದನಿ ಕೇಳಿಸಿತು.

“ಅಯ್ಯ ಶಿವನ! ಯಾಕ ಮಂದಿ ಕೂಡೇತಿ? ಸಾಹೇಬ್ರು…?”

ಮದುವೆಯ ಉಂಡಿಯ ಡಬ್ಬಿಯನ್ನು ಹೊಸ್ತಿಲಲ್ಲೇ ಬಿಟ್ಟು ಅವಳು ಮಂಚದ ಬಳಿಗೆ ಓಡಿ ಬಂದಳು. ಶಂಕರೆಪ್ಪ ಮೆಲ್ಲಗೆ ಹೇಳಿದನು: “ಅನ್ನಾ ನೀರು ಬಿಟ್ಟಾರವಾ. ನಿನ್ನೆ ಮುಂಜಾನಿಂದ.”

ರಾಯವ್ವ ಅವನತ್ತ ನೋಡಲಿಲ್ಲ, ಸೀಳಿದ ತುಟಿಯನ್ನು ನೋಡಿದಳು. ನಿಜಗುಣಪ್ಪನವರು ಎಡಗೈ ಎತ್ತಿದರು. ಎರಡು ಬೆರಳು. ಒಂದನ್ನು ಮಡಚಿದರು. ಬಳಿಕ ತಟ್ಟೆಯಲ್ಲಿದ್ದ ಕೊಳವೆಯನ್ನು ಮುಟ್ಟಿದರು.

“ಇದ್ಯಾವ ಕೊಳವಿ? ನನ್ನೂವು ಎಲ್ಲಿ ಹೋದುವು ಅಕ್ಕಾರ?”

“ಅಟ್ಟದ ಮ್ಯಾಲ ಅದಾವ. ಇದು ಬೆಳ್ಳೀದು, ವಿಜಯ ತಂದಾಳ.”

ರಾಯವ್ವ ಕೊಳವೆಯನ್ನು ಬೆಳಕಿಗೆ ಹಿಡಿದಳು, ಬಾಗಿದ್ದನ್ನು ಕಂಡು ಇಳಿಸಿದಳು. ತಂಬಿಗೆಯಿಂದ ಒಂದು ತುದಿಗೆ ನೀರು ಹೊಯ್ದಳು. ನೀರು ತುಂಬಿ ಅದೇ ತುದಿಯಿಂದ ಉಕ್ಕಿ ಅವಳ ಮೊಣಕೈಗೆ ಹರಿಯಿತು. ಇನ್ನೊಂದು ತುದಿಯಿಂದ ಒಂದು ಹನಿಯೂ ಬೀಳಲಿಲ್ಲ. ಪಡಸಾಲೆಯಲ್ಲಿ ಯಾರೋ ಹಾಡು ಎತ್ತಿದ್ದರು, ಅದು ಅರ್ಧಕ್ಕೇ ನಿಂತಿತು. ಅವಳು ಅಟ್ಟದಿಂದ ಗಂಟು ಇಳಿಸಿ, ಬ್ರಷ್ಷಿನ ತಂತಿಯನ್ನು ಬಗ್ಗಿಸಿ, ಕೊಳವೆಯೊಳಗೆ ತಿರುವಿ ತಿರುವಿ ಎಳೆದಳು. ವಿಭೂತಿಯಿಂದ ಗಟ್ಟಿಗಟ್ಟಿದ ಹತ್ತಿಬತ್ತಿಯೊಂದು ಬಿಳಿ ಹುಳುವಿನ ಹಾಗೆ ಅವಳ ಅಂಗೈಗೆ ಬಿದ್ದಿತು.

ಶೈಲಜಾ ಗೋಡೆಗೆ ಆನಿಕೊಂಡಳು. “ಎರಡ ಹಾಕಿದ್ದೆ…” ಎಂದಳು.

“ಹಂಗಾರ,” ಶಂಕರೆಪ್ಪ ತಡವರಿಸಿದನು, “ಅವರ ವ್ರತಾ?”

“ವ್ರತಾ ಕೊಳವ್ಯಾಗ ಸಿಕ್ಕಿತ್ರಿ ಕಾಕಾ, ತಗದೇನಿ. ದಾರಿ ಬಿಡ್ರಿ, ಗಾಳಿ ಆಡಲಿ.”

ಸ್ಟೀಲಿನ ಕೊಳವೆಯೊಂದನ್ನು ತೊಳೆದು, ಕಿಟಕಿಗೆ ಹಿಡಿದು, ಅವಳು ನೀರಿನ ಲೋಟದಲ್ಲಿಟ್ಟು ತಂದಳು. “ಸಾವಕಾಶ್ರಿ ಸಾಹೇಬ್ರ. ಗದ್ದ ಕೆಳಗ. ಒಂದ ಗುಟುಕ. ನುಂಗ್ರಿ. ಈಗ ಇನ್ನೊಂದ.” ನೀರು ಏರಿತು. ನಾಲಗೆಯ ಮೇಲೆ ಹರಡಿತು. ಗಂಟಲಿನಲ್ಲಿ ಇಳಿಯಿತು. ಅಂಗಳದ ತುಂಬ ಜನವಿದ್ದರೂ ಲೋಟದ ತಳದಲ್ಲಿ ಕೊಳವೆ ಗುರುಗುಟ್ಟಿದ ಸದ್ದು ಹೊಸ್ತಿಲಿನವರೆಗೆ ಕೇಳಿಸಿತು.

ಜಮಖಾನೆ ಸುತ್ತಿ ಎತ್ತಿದರು. ಸಿದ್ಧಾರೂಢ ವೈದ್ಯರನ್ನು ಕರೆತಂದನು. ಆದರೆ ಸುದ್ದಿಯನ್ನು ಯಾರು ಸುತ್ತಿ ಎತ್ತಬೇಕು? ಮಧ್ಯಾಹ್ನ ಕಿಟಕಿಯ ಹೊರಗೆ ಇಬ್ಬರು ಮಾತಾಡುತ್ತ ಹೋದರು. “ಕಂಟ್ರೋಲರ್ರು ಮನಸ ಬದಲ ಮಾಡಿದ್ರಂತ್ಲೇ.” “ಹೌದಂತ. ಜೀವಾ ಅಂದ್ರ ಸುಮ್ನೆ ಏನು?” ಮಾತು ಹಿಂದೆ ತೆಗೆದವರೆಂಬ ಹೆಸರು ಎಪ್ಪತ್ತೈದನೆಯ ವಯಸ್ಸಿನಲ್ಲಿ ಅವರಿಗೆ ಅಂಟಿತು. ಹಾಗಲ್ಲವೆಂದು ಹೇಳಲು ಬಾಯಿಲ್ಲ, ಬರೆಯಲು ಕೈಯಿಲ್ಲ. ಅವರು ಗೋಡೆಯ ಕಡೆ ಮುಖಮಾಡಿ ಮಲಗಿದರು. ಗೋಡೆಯಾಚೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ನಾಳೆ ರಾಯವ್ವನಿಗೆ ಜ್ವರ ಬಂದರೆ? ಮತ್ತೆ ಯಾರದೋ ಪ್ರೀತಿ ಮತ್ತೇನನ್ನೋ ತುರುಕಿದರೆ? ಈ ಸಲ ತೆರೆದದ್ದು ಕೊಳವೆಯ ಬಾಯಿ ಮಾತ್ರ.

ಸಂಜೆ ರಾಯವ್ವ ಉಂಡಿ ಹಂಚಲು ಹೋಗಿದ್ದಾಗ ಶೈಲಜಾ ಹಾಲು ತಂದಳು. ಮುಖ ಅತ್ತು ಊದಿತ್ತು. ಕೊಳವೆಗೆ ತಣ್ಣೀರು, ಬಿಸಿನೀರು, ಬ್ರಷ್ಷು ಎಲ್ಲವೂ ಆಗಿತ್ತು. ಅವರ ಕಣ್ಣೆದುರೇ ಅದನ್ನು ಕಿಟಕಿಗೆ ಹಿಡಿದು ನೋಡಿದಳು. ಆದರೂ ಕೊಡಲಿಲ್ಲ.

“ಮಾವಾರ, ಕಣ್ಣಿಗೆ ಕಂಡದ್ದು ನನಗ ಇನ್ನ ಸಾಲಂಗಿಲ್ಲ,” ಎಂದವಳೇ ಕೊಳವೆಯನ್ನು ತನ್ನ ತುಟಿಗೆ ಇಟ್ಟು ಒಂದು ಗುಟುಕು ಹೀರಿದಳು. ಹಾಲು ಬಂದಿತು. ನುಂಗಿದಳು. ತಾನು ಮಾಡಿದ್ದು ಆಗ ತಿಳಿಯಿತು. ಮುಖ ಕೆಂಪಾಯಿತು. “ತೊಳಕೊಂಡ ಬರತೇನ್ರಿ, ಹಾಲೂ ಬ್ಯಾರೇದ ತರತೇನಿ,” ಎಂದು ಅವಸರದಿಂದ ಎದ್ದಳು.

ನಿಜಗುಣಪ್ಪನವರು ಅವಳ ಕೈಯಲ್ಲಿದ್ದ ಕೊಳವೆಯನ್ನು ನೋಡಿದರು. ತಂಬಿಗೆಯ ಮುಂದೆ ಬೂದಿ ಹಿಡಿದು ನಿಂತಿದ್ದ ಒಂಬತ್ತು ವರ್ಷದ ಸಿದ್ಧಾರೂಢ, ಅವನ ಒಣಗಿದ ತುಟಿ ನೆನಪಾಯಿತು. ಗೋಡೆಯಾಚೆ ಸವದತ್ತಿ ಮಾರ್ಗವಾಗಿ ರಾಮದುರ್ಗಕ್ಕೆ ಹೋಗುವ ಬಸ್ಸಿನ ಕರೆ ಕೇಳಿಸಿತು. ವಿಜಯ ಅದರಲ್ಲಿ ಹೊರಟಿದ್ದಳು. ಐದೂ ನಲವತ್ತು. ಐದು ನಿಮಿಷ ತಡ.

ಅವರು ಎಡಗೈ ಚಾಚಿ ಸೊಸೆಯ ಮಣಿಕಟ್ಟನ್ನು ಹಿಡಿದರು. ಹಿಡಿತದಲ್ಲಿ ಶಕ್ತಿಯಿರಲಿಲ್ಲ, ಆದರೂ ಶೈಲಜಾ ನಿಂತಳು. ತೊಳೆಯದ ಆ ಕೊಳವೆಯನ್ನು ಅವರು ತಮ್ಮತ್ತ ಎಳೆದುಕೊಂಡರು, ಗದ್ದ ತಗ್ಗಿಸಿ ಬಾಯಿಯ ಎಡಭಾಗದಲ್ಲಿ ಹಿಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಒಂದು ಗುಟುಕು. ನುಂಗಿದರು. ಇನ್ನೊಂದು.